ಎಳೆ

ಮೊದಲು ಚುಚ್ಚಿಸಿಕೊಂಡವಳು ನೀನು, ಮದ್ರುಗಾದಾ.
ಮೊಂತೆವಿಡಿಯೋದ ಮರೋನ್ಯಾಸ್ ಲಾಯದಲ್ಲಿ,
ಜೂನ್ ತಿಂಗಳ ಕೊರೆವ ಚಳಿಯಲ್ಲಿ
ನಿನ್ನ ಮೇಲ್ದುಟಿಗೆ ಹಗ್ಗದ ಕುಣಿಕೆ ಹಾಕಿ
ತಿರುಪಿ ಹಿಡಿದವನು ನಾನು.
ಡಾಕ್ಟರ್ ಸರಾಲೆಗಿ ಮೊಣಕಾಲ ಕೂದಲು ಬೋಳಿಸಿ,
ಅಯೋಡಿನ್ ಬಳಿದು, ಸೂಜಿ ಎತ್ತಿದರು.
"ಬಿಗಿಯಾಗಿ ಹಿಡಿ, ನಿಕಾನೋರ್."
ಹಿಡಿದೆ.

ಮೊದಲು ಒಳಗಿನದನ್ನು ಹೊರಗೆ ತೆಗೆದರು.
ಎರಡು ಬೆರಳ ನಡುವೆ ಒಂದು ಹನಿ ಇಟ್ಟು
ಮೆಲ್ಲಗೆ ಅಗಲಿಸಿ ನೋಡಿದರು,
ಪಾಕ ಹದಕ್ಕೆ ಬಂತೇ ಎಂದು
ಒಲೆಯ ಮುಂದೆ ನಿಂತು ನೋಡುತ್ತಾರಲ್ಲ, ಹಾಗೆ.
ಎಳೆ ಬರಲಿಲ್ಲ.
ನೀರಿನಂತೆ ಜಾರಿ ಹುಲ್ಲಿಗೆ ಬಿತ್ತು.
"ಜಿಡ್ಡೇ ಇಲ್ಲ ಒಳಗೆ. ಮೂಳೆಯನ್ನು ಮೂಳೆ ತಿನ್ನುತ್ತಿದೆ."
ಆಮೇಲೆ ಸಿರಿಂಜಿನಿಂದ ಇಳಿದದ್ದು
ಮೊಟ್ಟೆಯ ಬಿಳಿಯಂಥ ಏನೋ,
ಬಣ್ಣವಿಲ್ಲ, ಅವಸರವಿಲ್ಲ.

ನಿನ್ನ ಕಿವಿಯಲ್ಲಿ ನಾನು ಒಂದು ಮಾತು ಹೇಳಿದೆ.
ಏನೆಂಬುದು ಈಗ ಬೇಡ.
ಸುಳ್ಳೆಂದು ಗೊತ್ತಿತ್ತು.

ಮೂರನೇ ಭಾನುವಾರ ಗೆದ್ದೆ ನೀನು.
ಐದನೆಯದರಲ್ಲಿ ಮತ್ತೆ.
ಧಣಿ ನನಗೊಂದು ಜೊತೆ ಬೂಟು ಕೊಡಿಸಿದ.
ಆಗಸ್ಟಿನಲ್ಲಿ ಇನ್ನೊಂದು ಸೂಜಿ,
ಆಮೇಲೊಂದು, ಆಮೇಲೆ ಲೆಕ್ಕವಿಲ್ಲ.
ಕಡೆಗೆ ಬಾಜಿಯ ಮೈದಾನಕ್ಕೇ ಬೀಗ ಬಿತ್ತು.
ನಿನ್ನನ್ನು ಯಾರಿಗೆ ಮಾರಿದರು, ಎಷ್ಟಕ್ಕೆ,
ಲದ್ದಿ ಬಾಚುವವನಿಗೆ ಯಾರು ಹೇಳುತ್ತಾರೆ?

ಹೇಳಿದ್ದು ಬೀದಿ.
ಕಸ ಆಯುವ ಹುಡುಗನೊಬ್ಬನ ಗಾಡಿ:
ರಟ್ಟು, ಬಾಟಲಿ, ರೆಕ್ಕೆ ಮುರಿದ ಫ್ಯಾನು,
ಮುಂದೆ ತಲೆ ಬಗ್ಗಿಸಿದ ಕಂದು ಹೆಣ್ಣುಗುದುರೆ.
ಎಡ ಮೊಣಕಾಲ ಮೇಲೆ, ಸೂಜಿ ಇಳಿದಿಳಿದ ಜಾಗದಲ್ಲಿ
ಒಂದು ನಾಣ್ಯದಷ್ಟು ಬಿಳಿ ಕೂದಲು.
ಕೈ ತಾನಾಗಿಯೇ ನಿನ್ನ ಕಾಲಗುಂಟ ಇಳಿಯಿತು.
ನೀನು ಗೊರಸೆತ್ತಿ ಕೊಟ್ಟೆ,
ಬೆಳಗಿನ ಐದಕ್ಕೆ ಲಾಯದಲ್ಲಿ ಕೊಡುತ್ತಿದ್ದ ಹಾಗೆ.
"ಏನು, ಕೊಳ್ಳುತ್ತೀಯಾ?" ಎಂದ ಹುಡುಗ.
ಜೇಬಿನಲ್ಲಿ ಬಸ್ಸಿನ ಕಾಸಿತ್ತು.
"ಎಳೆ!" ಎಂದು ಲಗಾಮು ಜಗ್ಗಿದ.
ಎಳೆದೆ.

ಈಗ ನನ್ನ ಸರದಿ.
ಕ್ಲಿನಿಕ್ಕಿನ ಮಂಚದ ಮೇಲೆ ಪ್ಯಾಂಟು ಮಡಚಿ ಕೂತಿದ್ದೇನೆ,
ಅರವತ್ತೊಂಬತ್ತು ವರ್ಷದ ಮಂಡಿ ಬತ್ತಲೆ.
ಡಾಕ್ಟರಮ್ಮ ಅನಾಹಿ, ನನ್ನ ಮೊಮ್ಮಗಳಿಗಿಂತ ಸ್ವಲ್ಪ ದೊಡ್ಡವಳು,
ಕಾಗದ ನೋಡಿ ಕೇಳುತ್ತಾಳೆ:
"ಕೋಳಿ, ಮೊಟ್ಟೆ ತಿಂದರೆ ಮೈ ಕಡಿಯುತ್ತದೆಯೇ?"
ಇಲ್ಲ. ಯಾಕಮ್ಮ?
"ಹುಂಜದ ಜುಟ್ಟಿನಿಂದ ತೆಗೆದದ್ದು ಇದು."
ನಗು ತಡೆಯಲಾಗಲಿಲ್ಲ.
ನಲವತ್ತು ವರ್ಷ ನಾಲ್ಕು ಗಂಟೆಗೇ ಎಬ್ಬಿಸಿದ ಹಾಳಾದವನು
ಬಂದು ಕೂರಲಿ ಮಂಡಿಯೊಳಗೆ,
ಅಲ್ಲೂ ಕೂಗಲಿ.

ವಾಸಿಯಾಗುತ್ತದೆಯೇ?
"ಕೆಲವರಿಗೆ ಆರು ತಿಂಗಳು ಹಾಯೆನಿಸುತ್ತದೆ.
ಕೆಲವರಿಗೆ ಏನೂ ಇಲ್ಲ.
ಉಪ್ಪುನೀರು ಚುಚ್ಚಿದರೂ ಇಷ್ಟೇ ಎನ್ನುವವರೂ ಇದ್ದಾರೆ.
ವಾರಕ್ಕೊಂದರಂತೆ ಮೂರು. ನೋಡೋಣ."
ಈ 'ನೋಡೋಣ'ವನ್ನು ನಿನಗೆ ಯಾರೂ ಹೇಳಿರಲಿಲ್ಲ.

ಅವಳು ಒಳಗಿನದನ್ನು ತೆಗೆದಾಗ
ಒಂದು ಹನಿ ಬೇಡಿದೆ.
ಹುಬ್ಬೇರಿಸಿದಳು, ಆದರೂ ಕೊಟ್ಟಳು.
ಎರಡು ಬೆರಳ ನಡುವೆ ಇಟ್ಟು ಮೆಲ್ಲಗೆ ಅಗಲಿಸಿದೆ.
ಬಂತು ಒಂದು ಎಳೆ,
ಉಗುರಿನಷ್ಟುದ್ದ, ನೂಲಿಗಿಂತ ತೆಳ್ಳಗೆ,
ದೀಪದ ಬೆಳಕಿಗೊಮ್ಮೆ ಹೊಳೆದು
ಹರಿಯಿತು.

ತುಟಿ ತಿರುಪಿ ಹಿಡಿಯಲು ನನಗೆ ಯಾರೂ ಇರಲಿಲ್ಲ.
ನಾನೇ ಕಚ್ಚಿಕೊಂಡೆ.

"ಎರಡು ದಿನ ಹೆಚ್ಚು ಓಡಾಡಬೇಡಿ."
ಆಗಲಿ ಎಂದೆ. ನನ್ನ ಮೇಲೆ ಬಾಜಿ ಕಟ್ಟಿದವರು ಯಾರಿದ್ದಾರೆ?
ಬಸ್ಸು ಬರುವ ತನಕ ನಿಂತಿದ್ದೇನೆ,
ಎಡಗಾಲನ್ನು ನೆಲದಿಂದ ಸ್ವಲ್ಪ ಎತ್ತಿ,
ಯಾರೋ ಬಂದು ಗೊರಸು ನೋಡುತ್ತಾರೆ
ಎಂಬ ಹಾಗೆ.